ಮುಂಗಡವೋ, ಸಂಕೋಲೆಯೋ?
ಕಬ್ಬು ಕಟಾವಿನ ಕೂಲಿಕಾರರ ವಿಷಯದಲ್ಲಿ ನಾವೆಲ್ಲರೂ ಕಲಿಯಬೇಕಾದ ಪಾಠ

ಸಂಕ್ರಾಂತಿ ಬಂದಿತೆಂದರೆ ನಮ್ಮ ಮನೆಗಳಲ್ಲಿ ಎಳ್ಳುಬೆಲ್ಲ, ಕುಸುರೆಳ್ಳು, ಸಜ್ಜೆಯ ರೊಟ್ಟಿಗಳ ಸಂಭ್ರಮ. ಹಿರಿಯರಿಗೆ ನಮಸ್ಕರಿಸಿ, ನೆರೆಹೊರೆಯವರಿಗೆ ಕುಸುರೆಳ್ಳು ಹಂಚಿ, ಒಳ್ಳೆಯ ಮಾತನಾಡೋಣ ಎಂದು ಹಾರೈಸುತ್ತೇವೆ. ದುಡಿಯಲು ದೂರ ಹೋದವರೂ ಈ ಹಬ್ಬಕ್ಕೆ ಊರಿಗೆ ಮರಳಲು ಹಂಬಲಿಸುತ್ತಾರೆ.

2025ರ ಜನವರಿಯಲ್ಲಿ ಹೀಗೆಯೇ ಹಬ್ಬಕ್ಕೆಂದು ಊರಿಗೆ ಹೋದ ಮೂವರು ಕೂಲಿಕಾರರು ವಿಜಯಪುರದ ಒಂದು ಇಟ್ಟಂಗಿ ಭಟ್ಟಿಗೆ ತಡವಾಗಿ ಮರಳಿದರು. ಅವರು ಭಟ್ಟಿಯ ಮಾಲೀಕನಿಂದ ಮುಂಗಡ ಹಣ ಪಡೆದಿದ್ದರು. ಆ ಒಂದೇ ಕಾರಣಕ್ಕೆ ಅವರನ್ನು ಹಿಡಿದು, ಅಂಗಾಲುಗಳಿಗೆ ಪೈಪಿನಿಂದ ಥಳಿಸಿದ ದೃಶ್ಯವನ್ನು ನಾಡೆಲ್ಲ ಕಂಡು ನಡುಗಿತು. ಪೊಲೀಸರು ಪ್ರಕರಣ ದಾಖಲಿಸಿ ಬಂಧನಗಳನ್ನೂ ಮಾಡಿದರು. ಆದರೆ ನಮ್ಮನ್ನು ಕಾಡಿದ ಪ್ರಶ್ನೆಯೊಂದಿದೆ: ಹೊಡೆತದ ಚಿತ್ರ ಹೊರಬಂದುದರಿಂದ ಇದು ನಮಗೆ ತಿಳಿಯಿತು. ಹೊಡೆತವಿಲ್ಲದೆ, ಚಿತ್ರವಿಲ್ಲದೆ, ಕೇವಲ ಲೆಕ್ಕದ ಪುಸ್ತಕದ ಬಲದಿಂದ ಮನುಷ್ಯನನ್ನು ಕಟ್ಟಿಹಾಕಿರುವ ಕಡೆ ಅದನ್ನು ಗುರುತಿಸುವವರು ಯಾರು?

ಭಟ್ಟಿಯ ಮಾತು ಒತ್ತಟ್ಟಿಗಿರಲಿ. ಅದೇ ಮುಂಗಡದ ಪದ್ಧತಿ ನಮಗೆ ಇನ್ನೂ ಹತ್ತಿರದ ಒಂದು ಉದ್ಯೋಗದಲ್ಲಿದೆ. ಅದು ಕಬ್ಬಿನ ಕಟಾವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಅನೇಕ ಓದುಗ ಬಂಧುಗಳ ಸಂಸಾರ ಕಬ್ಬಿನ ಮೇಲೆಯೇ ನಿಂತಿದೆ. ಕೆಲವರು ಬೆಳೆಗಾರರು, ಕೆಲವರು ಸಹಕಾರಿ ಕಾರ್ಖಾನೆಗಳ ಷೇರುದಾರರು, ಕೆಲವರು ನಿರ್ದೇಶಕರು, ಕೆಲವರು ಟ್ರ್ಯಾಕ್ಟರಿನ ಒಡೆಯರು. ಆದುದರಿಂದ ಇದು ಬೇರೆಯವರ ಮನೆಯ ಸುದ್ದಿಯಲ್ಲ.

ಜೀತ ಸತ್ತಿತೆಂದು ತಿಳಿದೆವು

ಜೀತ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಹಳೆಯ ಕಾಲದ ಚಿತ್ರ. ತಂದೆ ಮಾಡಿದ ಸಾಲಕ್ಕೆ ಮಗ ಗೌಡರ ಮನೆಯಲ್ಲಿ ದನ ಕಾಯುವುದು, ಮದುವೆಗೆ ಪಡೆದ ನೂರು ರೂಪಾಯಿಗೆ ಆಯುಷ್ಯವನ್ನೇ ಸವೆಸುವುದು, ಇಂಥವು. ಸಂವಿಧಾನದ 23ನೆಯ ವಿಧಿಯು ಬಲವಂತದ ದುಡಿಮೆಯನ್ನು ನಿಷೇಧಿಸಿತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಹೊರಟು, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಜಾರಿಗೆ ಬಂದಿತು. ದೇಶದ ನಾನಾ ಭಾಗಗಳಲ್ಲಿ ಈ ಅನಿಷ್ಟಕ್ಕಿದ್ದ ಹೆಸರುಗಳನ್ನೆಲ್ಲ ಆ ಕಾಯ್ದೆ ಪಟ್ಟಿ ಮಾಡಿದೆ. ಅದರಲ್ಲಿ ನಮ್ಮ ನಾಡಿನ 'ಜೀತ' ಎಂಬ ಪದವೂ ಸೇರಿದೆ. ಕರ್ನಾಟಕವೊಂದರಲ್ಲಿಯೇ ಅರವತ್ತು ಸಾವಿರಕ್ಕೂ ಹೆಚ್ಚು ಜೀತದಾಳುಗಳನ್ನು ಗುರುತಿಸಿ ಬಿಡುಗಡೆ ಮಾಡಲಾಯಿತೆಂದು ಸರಕಾರದ ದಾಖಲೆಗಳು ಹೇಳುತ್ತವೆ.

ಇಷ್ಟಾದ ಮೇಲೆ ಜೀತ ಸತ್ತಿತೆಂದು ನಾವು ತಿಳಿದೆವು. ಅದು ಸಾಯಲಿಲ್ಲ; ವೇಷ ಬದಲಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ 2 ಕೋಟಿ 76 ಲಕ್ಷ ಜನರು ಬಲವಂತದ ದುಡಿಮೆಯಲ್ಲಿದ್ದರು. ಅಂದಿನ ಜೀತ ಒಬ್ಬ ಒಡೆಯನಿಗೂ ಒಬ್ಬ ಆಳಿಗೂ ನಡುವಿನದು. ಇಂದಿನದು ಉದ್ದವಾದ ಸರಪಳಿ. ಇದರಲ್ಲಿ ಯಾರೂ ತಮ್ಮನ್ನು ಒಡೆಯರೆಂದು ಹೇಳಿಕೊಳ್ಳುವುದಿಲ್ಲ.

ಸರಪಳಿಯ ಕೊಂಡಿಗಳು

ಕಬ್ಬಿನ ಹಂಗಾಮು ಸಾಮಾನ್ಯವಾಗಿ ದೀಪಾವಳಿಯ ಆಸುಪಾಸಿನಲ್ಲಿ ಆರಂಭವಾಗಿ ಯುಗಾದಿಯ ಹೊತ್ತಿಗೆ ಮುಗಿಯುತ್ತದೆ. ಕಡಿದ ಕಬ್ಬನ್ನು ಆದಷ್ಟು ಬೇಗ ನುರಿಸದಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಇಳುವರಿಯೂ ಕುಗ್ಗುತ್ತದೆ. ಆದುದರಿಂದ ಕಾರ್ಖಾನೆಗೆ ಹಗಲಿರುಳು ಕಬ್ಬು ಬರುತ್ತಲೇ ಇರಬೇಕು. ಈ ಅವಸರವೇ ಎಲ್ಲಕ್ಕೂ ಮೂಲ. ನಡುರಾತ್ರಿ ಲಾರಿ ಬಂದರೆ ನಡುರಾತ್ರಿಯೇ ತುಂಬಬೇಕು.

ಇದಕ್ಕೆ ಬೇಕಾದ ಕೈಗಳು ಬರುವುದು ಮಳೆ ಕಡಿಮೆಯಿರುವ ಸೀಮೆಗಳಿಂದ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕದ ಗಡಿ ಜಿಲ್ಲೆಗಳಿಗೂ ಪ್ರತಿ ವರ್ಷ ಸಾಲುಸಾಲು ಗಾಡಿಗಳು ಹೊರಡುತ್ತವೆ. ನಮ್ಮ ಕಡೆಯ ತಾಂಡಾಗಳಿಂದಲೂ ಜನ ಹೊರಡುತ್ತಾರೆ. ಬಹುಪಾಲು ಜನರಿಗೆ ಭೂಮಿಯಿಲ್ಲ. ಇದ್ದರೂ ಮಳೆಯನ್ನೇ ನಂಬಿದ ತುಂಡು ಹೊಲ. ಕಾರ್ಖಾನೆಯು ಸಾಗಾಣಿಕೆಯ ಗುತ್ತಿಗೆದಾರನಿಗೆ ಹಣ ಕೊಡುತ್ತದೆ. ಗುತ್ತಿಗೆದಾರನು ಮುಕಾದಮನಿಗೆ ಕೊಡುತ್ತಾನೆ. ಮುಕಾದಮನು ಮಳೆಗಾಲದ ಬಡತನದ ದಿನಗಳಲ್ಲಿ ಮನೆಮನೆಗೆ ಹೋಗಿ ಗಂಡಹೆಂಡಿರ ಜೋಡಿಗೆ ಮುಂಗಡ ಕೊಟ್ಟು ಟೋಳಿ ಕಟ್ಟುತ್ತಾನೆ. ಮರಾಠಿಯಲ್ಲಿ ಈ ಮುಂಗಡಕ್ಕೆ 'ಉಚಲ್' ಎನ್ನುತ್ತಾರೆ. ಆ ಜೋಡಿಗೆ 'ಕೊಯ್ತಾ' ಎನ್ನುತ್ತಾರೆ. ಕೊಯ್ತಾ ಎಂದರೆ ಕುಡುಗೋಲು. ಇಬ್ಬರು ಮನುಷ್ಯರ ಹೆಸರು ಅಳಿದು ಒಂದು ಆಯುಧದ ಹೆಸರಿನಲ್ಲಿ ಲೆಕ್ಕ ನಡೆಯುತ್ತದೆ!

ಲೆಕ್ಕ ಹೇಗೆ ಬಿಗಿಯುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಮಹಾರಾಷ್ಟ್ರದಲ್ಲಿ 2024ರ ಜನವರಿಯ ಒಪ್ಪಂದದಂತೆ ಕಟಾವಿನ ದರವನ್ನು ಟನ್ನಿಗೆ 273 ರೂಪಾಯಿಯಿಂದ 366 ರೂಪಾಯಿಗೆ ಏರಿಸಲಾಯಿತು. ಒಂದು ಜೋಡಿ ಒಂದು ಲಕ್ಷ ರೂಪಾಯಿ ಮುಂಗಡ ಪಡೆದಿದೆಯೆಂದೂ, ದಿನಕ್ಕೆ ಎರಡು ಟನ್ನಿನಂತೆ 120 ದಿನ ಒಂದು ದಿನವೂ ತಪ್ಪದೆ ಕಡಿಯಿತೆಂದೂ ಇಟ್ಟುಕೊಳ್ಳೋಣ. ಗಳಿಕೆ 87,840 ರೂಪಾಯಿ. ಹಂಗಾಮು ಮುಗಿದಾಗ 12,160 ರೂಪಾಯಿ ಸಾಲ ಉಳಿಯಿತು. ನಡುವೆ ಜ್ವರ ಬಂದರೆ, ಮಳೆ ಬಂದು ಕೆಲಸ ನಿಂತರೆ, ವಾರದ ಸಂತೆಗೆಂದು ಮುಕಾದಮನಿಂದ ಹಣ ಪಡೆದರೆ, ತಪ್ಪಿದ ದಿನಕ್ಕೆ ದಂಡ ಹಾಕಿದರೆ ಆ ಬಾಕಿ ಇನ್ನೂ ಬೆಳೆಯುತ್ತದೆ. ಬಾಕಿ ತೀರಿಸಲು ಮುಂದಿನ ವರ್ಷವೂ ಅದೇ ಮುಕಾದಮನ ಹಿಂದೆ ಹೋಗಬೇಕು. ಓದು ಬಾರದ ದಂಪತಿಗಳಿಗೆ ಎಷ್ಟು ಟನ್ ಕಡಿದೆವೆಂಬುದೇ ತಿಳಿಯದು. ತೂಕದ ಚೀಟಿ ಅವರ ಕೈಗೆ ಬರುವುದಿಲ್ಲ.

ಹೆಣ್ಣುಮಕ್ಕಳ ಪಾಡು ಇದಕ್ಕಿಂತ ಕಠಿಣ. ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ಹೊಲದಲ್ಲಿ ಗಂಡನ ಸಮಕ್ಕೆ ದುಡಿದು, ಕಬ್ಬಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಹಲಗೆಯೇರಿ ಲಾರಿಗೆ ತುಂಬಬೇಕು. ಪ್ಲಾಸ್ಟಿಕ್ ಹೊದಿಕೆಯ ಗುಡಿಸಲಿಗೆ ಮರಳಿದರೆ ನೀರಿಲ್ಲ, ಶೌಚಾಲಯವಿಲ್ಲ. ಬೀಡ್ ಜಿಲ್ಲೆಯಲ್ಲಿ ಗರ್ಭಕೋಶ ತೆಗೆಸಿಕೊಂಡ ಕಬ್ಬು ಕಡಿಯುವ ಹೆಂಗಸರ ಸಂಗತಿ ಹೊರಬಂದಾಗ ಮಹಾರಾಷ್ಟ್ರ ಸರಕಾರ 2019ರಲ್ಲಿ ಒಂದು ಸಮಿತಿ ನೇಮಿಸಿತು. ಸಮೀಕ್ಷೆಗೊಳಪಟ್ಟ 82,309 ಹೆಂಗಸರಲ್ಲಿ 13,861 ಮಂದಿ ಆ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ತಿಂಗಳ ಮುಟ್ಟಿನ ನೋವಿಗೆ ರಜೆ ಪಡೆದರೆ ಕೂಲಿ ಹೋಗುತ್ತದೆ, ಸಾಲ ಏರುತ್ತದೆ ಎಂಬ ಭಯವೂ ಇದರ ಹಿಂದಿನ ಕಾರಣಗಳಲ್ಲೊಂದು. ಇಂಥ ಸುದ್ದಿಯನ್ನು ಓದಿದ ತಾಯಂದಿರು ಸಕ್ಕರೆಯ ಡಬ್ಬಿಯನ್ನು ಮುಂಚಿನಂತೆ ನಿಶ್ಚಿಂತೆಯಿಂದ ತೆರೆಯಲಾರರು.

ಕಾನೂನು ಏನು ಹೇಳುತ್ತದೆ?

"ಅವರೇ ಒಪ್ಪಿ ಹಣ ಪಡೆದಿದ್ದಾರೆ, ಯಾರೂ ಬಲವಂತ ಮಾಡಿಲ್ಲ" ಎಂಬ ಮಾತನ್ನು ನಾವು ಪದೇಪದೇ ಕೇಳುತ್ತೇವೆ. ಕೆಲವೊಮ್ಮೆ ನಾವೇ ಆಡುತ್ತೇವೆ. ಈ ವಾದಕ್ಕೆ ಸರ್ವೋಚ್ಚ ನ್ಯಾಯಾಲಯ ಬಹು ಹಿಂದೆಯೇ ಉತ್ತರ ಕೊಟ್ಟಿದೆ. ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ 1982ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು, ಹಸಿವು ಮತ್ತು ಬಡತನದ ಒತ್ತಡಕ್ಕೆ ಸಿಕ್ಕಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಯುವುದೂ ಬಲವಂತದ ದುಡಿಮೆಯೇ ಎಂದು ಸಾರಿದರು. ಹರಿಯಾಣದ ಫರೀದಾಬಾದಿನ ಕಲ್ಲು ಗಣಿಗಳ ಕುರಿತು ಬಂಧುವಾ ಮುಕ್ತಿ ಮೋರ್ಚಾ ಹೂಡಿದ ಮೊಕದ್ದಮೆಯ 1983ರ ಡಿಸೆಂಬರಿನ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಲವಂತದ ದುಡಿಮೆ ಕಂಡುಬಂದಲ್ಲಿ ಅದು ಮುಂಗಡಕ್ಕೆ ಪ್ರತಿಯಾದ ಜೀತವೆಂದೇ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ದುಡಿಸಿಕೊಂಡವನದು ಎಂಬುದು ಅದರ ಸಾರ.

1976ರ ಕಾಯ್ದೆಯಂತೆ ಜೀತದ ಸಾಲ ತಾನಾಗಿಯೇ ರದ್ದಾಗುತ್ತದೆ. ಅದನ್ನು ಮರಳಿ ವಸೂಲು ಮಾಡುವುದೇ ಅಪರಾಧ. ಜೀತಕ್ಕೆ ದುಡಿಸಿಕೊಂಡವನಿಗೆ ಮೂರು ವರ್ಷಗಳವರೆಗೆ ಸೆರೆವಾಸವುಂಟು. ಜಿಲ್ಲೆಗೆ ಒಂದು, ಉಪವಿಭಾಗಕ್ಕೆ ಒಂದು ಜಾಗೃತಿ ಸಮಿತಿ ಇರಬೇಕೆಂದೂ, ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರಿದ ಮೂವರೊಡನೆ ಇಬ್ಬರು ಸಮಾಜಸೇವಕರೂ ಇರಬೇಕೆಂದೂ ಕಾಯ್ದೆಯೇ ವಿಧಿಸಿದೆ. ಈ ಸ್ಥಾನಗಳು ಹೆಸರಿಗೆ ಮಾತ್ರ ತುಂಬದಂತೆ ನೋಡಿಕೊಳ್ಳುವುದು ಸಮಾಜದ ಹಿರಿಯರ ಕೆಲಸವೂ ಹೌದು.

ಬೆಳೆಗಾರನ ಅಳಲು

ಇಲ್ಲಿ ಇನ್ನೊಂದು ಮಗ್ಗುಲನ್ನು ಮರೆಮಾಚುವುದು ನ್ಯಾಯವಲ್ಲ. ಮುಕಾದಮರು ಎರಡು ಮೂರು ಕಡೆ ಮುಂಗಡ ಪಡೆದು ತಲೆ ತಪ್ಪಿಸಿಕೊಳ್ಳುವುದುಂಟು. ಸಾಲ ಮಾಡಿ ಟ್ರ್ಯಾಕ್ಟರು ಕೊಂಡ ನಮ್ಮ ಹುಡುಗರು ಲಕ್ಷಾಂತರ ರೂಪಾಯಿ ಕಳೆದುಕೊಂಡು ಕಣ್ಣೀರಿಡುವುದುಂಟು. ಟೋಳಿ ಬಾರದೆ ಕಬ್ಬು ಹೊಲದಲ್ಲಿಯೇ ಒಣಗಿದ ಬೆಳೆಗಾರನ ಸಂಕಟವೂ ಸುಳ್ಳಲ್ಲ. ಮೋಸ ಮಾಡಿದವನ ಮೇಲೆ ದೂರು ಕೊಡಲು ಪೊಲೀಸ್ ಠಾಣೆಯಿದೆ, ಹಣ ವಸೂಲಿಗೆ ನ್ಯಾಯಾಲಯವಿದೆ. ಆದರೆ ಮುಕಾದಮ ಓಡಿಹೋದನೆಂದು ಅವನ ಟೋಳಿಯ ಬಡವರನ್ನು ಕೂಡಿಹಾಕುವುದು, ಹೆಂಡಿರು ಮಕ್ಕಳನ್ನು ಒತ್ತೆಯಿಟ್ಟುಕೊಳ್ಳುವುದು, ಆಧಾರ್ ಚೀಟಿ ಕಸಿದುಕೊಳ್ಳುವುದು ಯಾವ ನಷ್ಟಕ್ಕೂ ಪರಿಹಾರವಲ್ಲ. ಅಲ್ಲಿಂದಲೇ ವ್ಯವಹಾರವು ಅಪರಾಧವಾಗುತ್ತದೆ.

ಗುರುತಿಸುವುದು ಹೇಗೆ?

ಎಲ್ಲ ಮುಂಗಡವೂ ಜೀತವಲ್ಲ. ಕಷ್ಟಕಾಲದಲ್ಲಿ ಕೊಟ್ಟ ಮುಂಗಡ ಉಪಕಾರವೂ ಆದೀತು. ಯಾವಾಗ ಅದು ಸಂಕೋಲೆಯಾಗುತ್ತದೆಂಬುದನ್ನು ತಿಳಿಯಲು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಹನ್ನೊಂದು ಲಕ್ಷಣಗಳನ್ನು ಹೇಳಿದೆ. ಅವುಗಳಲ್ಲಿ ಕಬ್ಬಿನ ಹೊಲಕ್ಕೆ ಹೊಂದುವ ಮುಖ್ಯವಾದವುಗಳನ್ನು ನಮ್ಮ ಮಾತಿನಲ್ಲಿ ಪ್ರಶ್ನೆಗಳಾಗಿ ಕೊಟ್ಟಿದ್ದೇವೆ.

1. ಬಾಕಿ ಇರುವಾಗಲೂ ಕೆಲಸ ಬಿಟ್ಟು ಹೋಗುವ ಸ್ವಾತಂತ್ರ್ಯ ಅವರಿಗಿದೆಯೇ?
2. ಊರಲ್ಲಿ ಹೇಳಿದ ಕೂಲಿ, ಕೆಲಸ, ಸ್ಥಳಗಳೇ ಇಲ್ಲಿಯೂ ಇವೆಯೇ, ಅಥವಾ ಮೋಸವಾಗಿದೆಯೇ?
3. ಗುರುತಿನ ಚೀಟಿ, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ ಯಾರ ಕೈಯಲ್ಲಿವೆ?
4. ಕಡಿದ ಟನ್ನು, ಪಡೆದ ಹಣ, ಉಳಿದ ಬಾಕಿಯ ಲೆಕ್ಕವನ್ನು ಅವರಿಗೆ ತೋರಿಸಲಾಗಿದೆಯೇ?
5. ಸಂತೆಗೆ, ದವಾಖಾನೆಗೆ, ಮಣ್ಣಿಗೆ, ಮದುವೆಗೆ ಹೋಗಲು ಅಪ್ಪಣೆ ಸಿಗುತ್ತದೆಯೇ? ಹೋಗುವಾಗ ಮಕ್ಕಳನ್ನು ಬಿಟ್ಟು ಹೋಗಬೇಕೆನ್ನುತ್ತಾರೆಯೇ?
6. ಹೊಡೆತ, ಬೈಗುಳ, ಹೆಣ್ಣುಮಕ್ಕಳ ಮೇಲೆ ಕಣ್ಣು, ಊರಿನ ಮನೆಯವರಿಗೆ ಬೆದರಿಕೆ ಇವೆಯೇ?
7. ವಿಶ್ರಾಂತಿಯಿಲ್ಲದೆ ಹಗಲೂ ರಾತ್ರಿಯೂ ದುಡಿಸುತ್ತಾರೆಯೇ? ನೀರು, ನೆರಳು, ಶೌಚದ ವ್ಯವಸ್ಥೆ ಹೇಗಿದೆ?

ಒಂದು ಲಕ್ಷಣ ಕಂಡೊಡನೆ ತೀರ್ಪು ಕೊಡಬೇಕಾಗಿಲ್ಲ. ಆದರೆ ವಿಚಾರಿಸದೆ ಬಿಡಬಾರದು. ಎರಡು ಮೂರು ಒಟ್ಟಿಗೆ ಕಂಡರೆ ಅಧಿಕಾರಿಗಳಿಗೆ ತಿಳಿಸುವುದೇ ಯೋಗ್ಯ.

ಕಲಿಯಬೇಕಾದವರು ಯಾರು?

ಕಾರ್ಮಿಕ ನಿರೀಕ್ಷಕರೊಬ್ಬರಿಂದ ಈ ಕೆಲಸ ಆಗದು. ಸರಪಳಿಯ ಪ್ರತಿಯೊಂದು ಕೊಂಡಿಯಲ್ಲಿರುವವನೂ ಕಾಣುವುದನ್ನು ಕಲಿಯಬೇಕು. ಕಾರ್ಖಾನೆಯ ಫೀಲ್ಡ್‌ಮನ್ನನು ದಿನವೂ ಹೊಲಕ್ಕೆ ಹೋಗುತ್ತಾನೆ. ಕಬ್ಬು ಮಾಗಿದೆಯೇ ಎಂದು ನೋಡುವ ಅವನ ಕಣ್ಣಿಗೆ ಟೋಳಿಯ ಸ್ಥಿತಿಯನ್ನು ನೋಡುವ ಅಭ್ಯಾಸವನ್ನೂ ಮಾಡಿಸಬೇಕು. ತೂಕದ ಮನೆಯ ಗುಮಾಸ್ತನು ಚೀಟಿಯ ಒಂದು ಪ್ರತಿ ಕಡಿದವನ ಕೈ ಸೇರುವಂತೆ ಮಾಡಬಲ್ಲನು. ಲಾರಿಯ ಚಾಲಕನಿಗೆ ಯಾವ ಟೋಳಿಯಲ್ಲಿ ಏನು ನಡೆದಿದೆ ಎಂಬುದು ಮೊದಲು ತಿಳಿದಿರುತ್ತದೆ. ಆಶಾ ಕಾರ್ಯಕರ್ತೆ, ಅಂಗನವಾಡಿಯ ಕಾರ್ಯಕರ್ತೆ, ಶಾಲೆಯ ಗುರುಗಳು ಗುಡಿಸಲುಗಳ ಒಳಗನ್ನು ಕಾಣುವವರು. ಮುಕಾದಮನನ್ನೂ ಹೊರಗಿಡಬಾರದು. ಅವನೂ ಅನೇಕ ವೇಳೆ ಅದೇ ತಾಂಡಾದ ಬಡವ. ಮೇಲಿನವರ ಹಣಕ್ಕೆ ಹೊಣೆ ಹೊತ್ತವನು.

ತರಬೇತಿಯಲ್ಲಿ ಮುಖ್ಯವಾಗಿ ಕಲಿಸಬೇಕಾದುದು ಮಾತನಾಡಿಸುವ ರೀತಿ. ಮುಕಾದಮನ ಎದುರಿಗೆ "ನಿಮಗೇನಾದರೂ ತೊಂದರೆಯೇ?" ಎಂದು ಕೇಳಿದರೆ ಇಲ್ಲವೆಂಬ ಉತ್ತರವಲ್ಲದೆ ಬೇರೆ ಬಾರದು. ಹೆಂಗಸರನ್ನು ಹೆಂಗಸರೇ, ಬೇರೆಯಾಗಿ, ಅವರ ಲಂಬಾಣಿ ಅಥವಾ ಮರಾಠಿ ಮಾತಿನಲ್ಲಿ ವಿಚಾರಿಸಬೇಕು. "ಜೀತಕ್ಕಿದ್ದೀರಾ?" ಎಂದು ಕೇಳಬಾರದು. ಹಿಂದಿನ ವರ್ಷ ಹಂಗಾಮು ಮುಗಿದಾಗ ಎಷ್ಟು ಕೈಗೆ ಬಂದಿತು, ಈ ಹಬ್ಬಕ್ಕೆ ಊರಿಗೆ ಹೋಗುವಿರಾ ಎಂದು ಕೇಳಿದರೆ ನಿಜಸ್ಥಿತಿ ತಾನಾಗಿ ಹೊರಬರುತ್ತದೆ.

ತಿಳಿದ ಮೇಲೆ ಮಾಡಬೇಕಾದುದು ಎರಡನೆಯ ಪಾಠ. ಆವೇಶದಿಂದ ಹೋಗಿ ಜಗಳ ಕಾಯ್ದರೆ ರಾತ್ರೋರಾತ್ರಿ ಟೋಳಿಯನ್ನೇ ಸಾಗಿಸಿಬಿಡುತ್ತಾರೆ. ತಹಶೀಲ್ದಾರರಿಗೆ, ಉಪವಿಭಾಗಾಧಿಕಾರಿಗಳಿಗೆ, ಇಲ್ಲವೆ ಜಿಲ್ಲಾಧಿಕಾರಿಗಳಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಅಪಾಯವಿದ್ದರೆ 112ಕ್ಕೆ, ಮಕ್ಕಳಿದ್ದರೆ 1098ಕ್ಕೆ ಕರೆ ಮಾಡಬೇಕು. ಬಿಡುಗಡೆಯಾದವರ ಕೈಗೆ ಬಿಡುಗಡೆ ಪತ್ರ ಸಿಕ್ಕಿತೇ ಎಂದು ತಪ್ಪದೆ ವಿಚಾರಿಸಬೇಕು. ಪುನರ್ವಸತಿಯ ನೆರವೆಲ್ಲ ಆ ಪತ್ರವನ್ನೇ ಅವಲಂಬಿಸಿದೆ. ಕೇಂದ್ರ ಸರಕಾರದ 2016ರ ಯೋಜನೆಯಂತೆ ವಯಸ್ಕ ಗಂಡಸರಿಗೆ ಒಂದು ಲಕ್ಷ, ಹೆಂಗಸರಿಗೂ ಮಕ್ಕಳಿಗೂ ಎರಡು ಲಕ್ಷ, ಅತಿ ಕ್ರೂರ ಶೋಷಣೆಗೆ ಸಿಕ್ಕವರಿಗೆ ಮೂರು ಲಕ್ಷ ರೂಪಾಯಿಗಳ ನೆರವು ಗೊತ್ತಾಗಿದೆ. ಬಿಡಿಸಿ ಬಸ್ಸಿಗೆ ಹತ್ತಿಸಿದರೆ ಕೆಲಸ ಮುಗಿಯಿತೆಂದು ತಿಳಿದವರ ಕಣ್ಣೆದುರಿಗೇ ಅದೇ ಕುಟುಂಬ ಮರುವರ್ಷ ಇನ್ನೊಬ್ಬನ ಮುಂಗಡಕ್ಕೆ ಕೈಯೊಡ್ಡುತ್ತದೆ.

ಮೂರನೆಯ ಪಾಠ, ಜೀತ ಹುಟ್ಟದಂತೆ ನೋಡಿಕೊಳ್ಳುವುದು. ಮುಂಗಡಕ್ಕೆ ಬರಹವಿರಲಿ, ಮಿತಿಯಿರಲಿ. ಕೂಲಿಯ ಒಂದು ಭಾಗ ವಾರವಾರವೂ ನಗದಾಗಿ ಸಿಗಲಿ. ಉಳಿದುದು ಹೆಂಡತಿಯ ಹೆಸರೂ ಇರುವ ಬ್ಯಾಂಕ್ ಖಾತೆಗೆ ಸೇರಲಿ. ಬಾಕಿ ಉಳಿದರೂ ಹೋಗಲು ತಡೆಯಿಲ್ಲವೆಂದು ಕರಾರಿನಲ್ಲಿಯೇ ಬರೆಯಲಿ. ಕುಡಿಯುವ ನೀರು, ಶೌಚಾಲಯ, ವಾರಕ್ಕೊಂದು ದಿನದ ವಿಶ್ರಾಂತಿ ಕಾರ್ಖಾನೆಯ ಖರ್ಚಿನ ಬಾಬ್ತಿನಲ್ಲಿ ಸೇರಲಿ. ಸಹಕಾರಿ ಕಾರ್ಖಾನೆಯ ವಾರ್ಷಿಕ ಸಭೆಯಲ್ಲಿ ಕಬ್ಬಿನ ದರವನ್ನು ಕೇಳಲು ಎದ್ದು ನಿಲ್ಲುವ ನಾವು, ಕಡಿಯುವವರ ದರವನ್ನೂ ಒಮ್ಮೆ ಕೇಳಬೇಕು.

ಇದರಲ್ಲಿ ವ್ಯವಹಾರದ ಹಿತವೂ ಅಡಗಿದೆ. 2024ರ ಮಾರ್ಚಿನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಮಹಾರಾಷ್ಟ್ರದ ಕಬ್ಬು ಕಡಿಯುವವರ ಸ್ಥಿತಿಯನ್ನು ಬರೆದಾಗ, ಅಲ್ಲಿಯ ಸಕ್ಕರೆ ಕೊಳ್ಳುವ ದೊಡ್ಡ ದೊಡ್ಡ ತಂಪು ಪಾನೀಯದ ಕಂಪನಿಗಳ ಮುಂದೆಯೂ ಈ ಪ್ರಶ್ನೆ ಬಂದು ನಿಂತಿತು. ಬಲವಂತದ ದುಡಿಮೆಯಿಂದ ಆದ ಸರಕನ್ನು ತನ್ನ ಪೇಟೆಯಿಂದ ಹೊರಗಿಡುವ ಕಾನೂನನ್ನು ಯುರೋಪ್ ಒಕ್ಕೂಟ 2024ರಲ್ಲಿ ಮಾಡಿದೆ. ಅದು 2027ರ ಡಿಸೆಂಬರಿನಿಂದ ಅನ್ವಯಿಸಬೇಕಾದುದು. ಆದರೆ ಪರದೇಶದ ಗಿರಾಕಿ ಕೇಳುವನೆಂಬ ಭಯಕ್ಕಾಗಿ ಮಾತ್ರ ನಾವು ನ್ಯಾಯವಂತರಾಗಬೇಕೇ?

ಲಕ್ಕಮ್ಮನ ಪ್ರಶ್ನೆ

ಈ ಪ್ರಶ್ನೆಯನ್ನು ನಮ್ಮಲ್ಲಿ ಎಂಟುನೂರು ವರ್ಷಗಳಿಗೂ ಹಿಂದೆ ಒಬ್ಬ ಬಡ ಶರಣೆ ಕೇಳಿದ್ದಳು. ಆಯ್ದಕ್ಕಿ ಮಾರಯ್ಯನು ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬಂದಾಗ ಲಕ್ಕಮ್ಮ ಹಿಗ್ಗಲಿಲ್ಲ. ಇದು ಎಲ್ಲಿಂದ, ಏಕೆ ಬಂದಿತೆಂದು ವಿಚಾರಿಸಿ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳೆಂದು ಪರಂಪರೆ ಹೇಳುತ್ತದೆ. ಮನೆಯೊಳಕ್ಕೆ ಬರುವ ಪದಾರ್ಥದ ಮೂಲವನ್ನು ಕೇಳುವುದು ಗೃಹಿಣಿಯ ಧರ್ಮವೆಂದು ಆಕೆ ತೋರಿಸಿಕೊಟ್ಟಳು. ಕಾಯಕವೆಂಬುದು ಸ್ವತಂತ್ರ ಮನುಷ್ಯನು ಮನವೊಪ್ಪಿ ಮಾಡುವ ದುಡಿಮೆ. ಹೆದರಿಸಿ ಮಾಡಿಸಿದ ದುಡಿಮೆಗೆ ಆ ಹೆಸರು ಸಲ್ಲದು. ಅದರ ಫಲದಿಂದ ಮಾಡಿದ ದಾಸೋಹಕ್ಕೂ ಕಳೆಯಿಲ್ಲ.

ನಮ್ಮ ಮಠಗಳ ಜಾತ್ರೆಗಳಲ್ಲಿ ಸಕ್ಕರೆ ಬೆಲ್ಲಗಳು ಕ್ವಿಂಟಾಲುಗಟ್ಟಲೆ ಬಳಕೆಯಾಗುತ್ತವೆ. ಹಳ್ಳಿಹಳ್ಳಿಗಳಲ್ಲಿ ಶ್ರಾವಣ ಮಾಸದ ಪ್ರವಚನಗಳು ನಡೆಯುತ್ತವೆ. ಶ್ರಾವಣದಿಂದ ದಸರೆಯವರೆಗಿನ ಕಾಲವೇ ಮುಂಗಡ ಹಂಚಿ ಟೋಳಿ ಕಟ್ಟುವ ಕಾಲವೂ ಹೌದು. ಪ್ರವಚನದ ಒಂದು ಸಂಜೆಯನ್ನು ಬೆಳೆಗಾರರು, ಗಾಡಿಯ ಒಡೆಯರು, ಮುಕಾದಮರು, ಕಾರ್ಖಾನೆಯ ನೌಕರರು ಒಟ್ಟಿಗೆ ಕುಳಿತು ಈ ವಿಷಯ ಕಲಿಯಲು ಮೀಸಲಿಟ್ಟರೆ ಹೇಗೆ? ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರನ್ನೂ, ಕಾನೂನು ಬಲ್ಲವರೊಬ್ಬರನ್ನೂ, ಬಹು ಮುಖ್ಯವಾಗಿ ಕಬ್ಬು ಕಡಿದ ಅನುಭವವುಳ್ಳ ಒಬ್ಬ ತಾಯಿಯನ್ನೂ ಕರೆಸಿ ಕೇಳೋಣ. ಮಠಗಳ ಪ್ರಸಾದ ನಿಲಯಗಳು ಹಂಗಾಮಿನ ಆರು ತಿಂಗಳು ಆ ಮಕ್ಕಳಿಗೆ ತೆರೆದರೆ, ಒಂದು ತಲೆಮಾರು ಕುಡುಗೋಲಿನ ಬದಲು ಪುಸ್ತಕ ಹಿಡಿದೀತು.

ಇಷ್ಟು ವರ್ಷ ನಾವು ಟೋಳಿ ಬಂದಿತೇ ಎಂದು ಕೇಳಿದೆವು. ಟೋಳಿಯಲ್ಲಿ ಬಂದವರು ಯಾರು, ಹೇಗಿದ್ದಾರೆ ಎಂದು ಕೇಳಲಿಲ್ಲ. ಬರುವ ಸಂಕ್ರಾಂತಿಯಂದು ಕುಸುರೆಳ್ಳಿನ ಬಟ್ಟಲನ್ನು ಹಿಡಿದು ಹೊಲದಂಚಿನ ಆ ಗುಡಿಸಲುಗಳವರೆಗೂ ಹೋಗೋಣ. ಒಳ್ಳೆಯ ಮಾತನಾಡೋಣ ಎಂದು ಹೇಳಿದ ಮೇಲೆ, ಅವರು ಆಡುವ ಮಾತನ್ನೂ ಕುಳಿತು ಕೇಳೋಣ.